ಸ್ಟಾಫ್ ರೂಮಿನಲ್ಲೊಂದು ವೃತ್ತ

“ಮಿಸ್, ಅವಳು ಸಾರಿ ಹೇಳಿದ್ದು ನಿಮಗೆ. ನನಗಲ್ಲ.”

ಏಳನೇ ತರಗತಿಯ ಹುಡುಗಿಯೊಬ್ಬಳು ನನಗೆ ಹೀಗೆ ಹೇಳಿ ಹತ್ತು ವರ್ಷದ ಮೇಲಾಯಿತು. ಆಗ ನಾನಿನ್ನೂ ಪಾಠ ಮಾಡುತ್ತಿದ್ದೆ. ಅವಳು ಗೆಳತಿಗೆ ಗುಟ್ಟಾಗಿ ಹೇಳಿದ್ದ ಮಾತೊಂದನ್ನು ಆ ಗೆಳತಿ ಇಡೀ ತರಗತಿಗೆ ಹಂಚಿದ್ದಳು. ಜಗಳ ಆಯಿತು, ಅಳು ಆಯಿತು. ನಾನು ಇಬ್ಬರನ್ನೂ ಸ್ಟಾಫ್ ರೂಮಿನ ಬಾಗಿಲಿಗೆ ಕರೆದೆ. ತಪ್ಪು ಮಾಡಿದವಳಿಗೆ ನಾಲ್ಕು ಮಾತು ಬೈದೆ. “ಸಾರಿ ಹೇಳು” ಅಂದೆ. ಹೇಳಿದಳು. “ಇಬ್ಬರೂ ಕೈ ಕುಲುಕಿ” ಅಂದೆ. ಕುಲುಕಿದರು. ಅಷ್ಟರಲ್ಲಿ ಬೆಲ್ ಹೊಡೆಯಿತು, ಮುಂದಿನ ಪಿರಿಯಡ್‌ಗೆ ಓಡಿದೆ. ಸಂಜೆ ಆ ಹುಡುಗಿ ಒಬ್ಬಳೇ ಬಂದು ಈ ಮಾತು ಹೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೂ ಗೊತ್ತಿರಲಿ ಅಂತ ಹೇಳಿ ಹೋದಳು ಅಷ್ಟೆ.

ಅವಳು ಹೇಳಿದ್ದು ನಿಜ. ಸಾರಿ ಹೇಳುವಾಗ ಇನ್ನೊಬ್ಬಳು ನೋಡುತ್ತಿದ್ದದ್ದು ನನ್ನ ಮುಖವನ್ನೇ. ನನ್ನಿಂದ ಬಿಡುಗಡೆ ಸಿಕ್ಕರೆ ಸಾಕಿತ್ತು ಅವಳಿಗೆ. ಜಗಳ ಅವರಿಬ್ಬರದ್ದು. ಅದನ್ನು ನಾನು ಕೈಗೆ ತೆಗೆದುಕೊಂಡು, ನಾನೇ ತೀರ್ಪು ಕೊಟ್ಟು, ನಾನೇ ಮುಗಿಸಿದ್ದೆ. ಆ ಗುಟ್ಟು ಹೊರಗೆ ಬಿದ್ದ ಮೇಲೆ ಅವಳಿಗೆ ತರಗತಿಯೊಳಗೆ ಕಾಲಿಡುವುದು ಎಷ್ಟು ಕಷ್ಟವಾಯಿತು, ಇನ್ನು ಮುಂದೆ ಯಾರನ್ನು ನಂಬುವುದು ಎಂದು ಅವಳು ಹೇಗೆ ಒದ್ದಾಡಿದಳು, ಇದೊಂದನ್ನೂ ನಾನು ಕೇಳಲಿಲ್ಲ. ಆ ಗೆಳತಿಗೂ ಕೇಳಿಸಲಿಲ್ಲ.

ನಾರ್ವೆಯ ಅಪರಾಧಶಾಸ್ತ್ರಜ್ಞ ನಿಲ್ಸ್ ಕ್ರಿಸ್ಟಿ 1977ರಲ್ಲಿ ಕೋರ್ಟುಗಳ ಬಗ್ಗೆ ಬರೆಯುತ್ತ ಒಂದು ವಾದ ಮುಂದಿಟ್ಟರು. ಜಗಳ ಅನ್ನುವುದು ಆ ಜಗಳದಲ್ಲಿ ಇರುವವರ ಸ್ವತ್ತು. ವಕೀಲರು, ಅಧಿಕಾರಿಗಳು ಅದನ್ನು ಅವರ ಕೈಯಿಂದ ಕಿತ್ತುಕೊಂಡುಬಿಡುತ್ತಾರೆ. ಅದನ್ನು ಓದಿದಾಗ ನನ್ನ ಕಣ್ಣಿಗೆ ಕೋರ್ಟು ಬರಲಿಲ್ಲ. ಸ್ಟಾಫ್ ರೂಮಿನ ಬಾಗಿಲು ಬಂತು.

ಹಾಗೆ ಹುಡುಕುತ್ತ ಹೋಗಿ ನಾನು ತಲುಪಿದ್ದು ರೆಸ್ಟೊರೇಟಿವ್ ಪ್ರಾಕ್ಟೀಸ್ ಎಂಬ ದಾರಿಗೆ. ಕನ್ನಡದಲ್ಲಿ ಇದಕ್ಕೆ ಒಂದೇ ಪದ ಕಟ್ಟುವ ಗೋಜಿಗೆ ನಾನು ಹೋಗುವುದಿಲ್ಲ. ನೋವು ಕೊಟ್ಟವರು, ನೋವುಂಡವರು ಎದುರುಬದುರು ಕೂತು, ಏನಾಯಿತು ಅಂತ ಹೇಳಿಕೊಂಡು, ಕೆಟ್ಟದ್ದನ್ನು ಸರಿಮಾಡುವ ದಾರಿಯನ್ನು ತಾವೇ ಹುಡುಕುವುದು. ವಿಷಯ ಇಷ್ಟೇ. ಈಗ ಶಾಲೆಗಳಿಗೆ ಹೋಗಿ ಅಲ್ಲಿನ ಸಿಬ್ಬಂದಿಗೆ ಇದನ್ನು ಹೇಳಿಕೊಡುವುದೇ ನನ್ನ ಕೆಲಸ.

ಇದು ಹುಟ್ಟಿದ್ದು ಶಾಲೆಯಲ್ಲಲ್ಲ. 1974ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾ ಎಂಬ ಊರಿನಲ್ಲಿ ಇಬ್ಬರು ಯುವಕರು ಒಂದೇ ರಾತ್ರಿ 22 ಕಡೆ ಆಸ್ತಿಪಾಸ್ತಿ ಹಾಳು ಮಾಡಿದರು. ತಪ್ಪು ಮಾಡಿದವರ ಮೇಲೆ ಜೈಲಿನ ಹೊರಗೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಜಿ ನ್ಯಾಯಾಧೀಶರ ಮುಂದೆ ಒಂದು ಸಲಹೆ ಇಟ್ಟರು: ಈ ಹುಡುಗರು ನಷ್ಟ ಅನುಭವಿಸಿದವರನ್ನು ಖುದ್ದಾಗಿ ಕಾಣಲಿ. ನ್ಯಾಯಾಧೀಶರು ಒಪ್ಪಿದರು. ಹುಡುಗರು ಮನೆ ಮನೆ ಬಾಗಿಲು ತಟ್ಟಿದರು, ನಷ್ಟ ತುಂಬಿಕೊಟ್ಟರು. ಮುಂದೆ 1989ರಲ್ಲಿ ನ್ಯೂಜಿಲೆಂಡ್, ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ರೀತಿಯಿಂದ ಕಲಿತು, ತಪ್ಪು ಮಾಡಿದ ಮಗುವಿನ ಕುಟುಂಬವೆಲ್ಲ ಸೇರಿ ಮಾತಾಡುವ ಸಭೆಯನ್ನು ಕಾನೂನಿನಲ್ಲೇ ಬರೆಯಿತು. 1991ರಲ್ಲಿ ಆಸ್ಟ್ರೇಲಿಯಾದ ವಾಗಾ ವಾಗಾದಲ್ಲಿ ಟೆರಿ ಒ’ಕಾನೆಲ್ ಎಂಬ ಪೊಲೀಸ್ ಸಾರ್ಜೆಂಟ್ ಇಂಥ ಸಭೆಗಳನ್ನು ನಡೆಸತೊಡಗಿದರು. 1994ರ ಹೊತ್ತಿಗೆ ಕ್ವೀನ್ಸ್‌ಲ್ಯಾಂಡಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಮಾರ್ಗದರ್ಶನ ಮಾಡುತ್ತಿದ್ದ ಮಾರ್ಗರೆಟ್ ಥಾರ್ಸ್‌ಬೋರ್ನ್ ಅದನ್ನು ಶಾಲೆಯೊಳಗೆ ತಂದರು.

ಇವರೆಲ್ಲರಿಂದ ನಮ್ಮ ಕೈಗೆ ಬಂದಿರುವುದು ಕೆಲವು ಪ್ರಶ್ನೆಗಳು. ಏನಾಯ್ತು? ಆಗ ನಿನ್ನ ಮನಸ್ಸಲ್ಲಿ ಏನಿತ್ತು? ಆಮೇಲೆ ಏನನ್ನಿಸಿತು? ಯಾರಿಗೆ ನೋವಾಯ್ತು? ಈಗ ಸರಿಮಾಡೋಕೆ ಏನು ಮಾಡಬೇಕು? ನೋವುಂಡವರಿಗೆ ಇನ್ನೊಂದು ಪ್ರಶ್ನೆ ಇದೆ, ನನಗೆ ಅದು ತುಂಬ ಮುಖ್ಯ: ಇದರಲ್ಲಿ ನಿನಗೆ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು?

ಈ ಪಟ್ಟಿಯಲ್ಲಿ ‘ಯಾಕೆ’ ಇಲ್ಲ. ಬೇಕೆಂದೇ ಬಿಟ್ಟಿದ್ದಾರೆ. ಯಾಕೆ ಹೊಡೆದೆ ಅಂತ ಕೇಳಿದರೆ ಮಗುವಿಗೆ ಎರಡೇ ದಾರಿ. ಒಂದು, ನೆಪ ಹೇಳಬೇಕು. ಇಲ್ಲ, ಸುಮ್ನೆ ನೆಲ ನೋಡುತ್ತ ನಿಲ್ಲಬೇಕು. ನಿಜ ಹೇಳಬೇಕೆಂದರೆ ಎಷ್ಟೋ ಸಲ ಮಗುವಿಗೇ ಯಾಕೆ ಅಂತ ಗೊತ್ತಿರುವುದಿಲ್ಲ. ‘ಏನಾಯ್ತು’ ಅಂದರೆ ಕತೆ ಹೇಳಬಹುದು. ಕತೆ ಹೇಳುತ್ತ ಹೇಳುತ್ತ ತನ್ನ ಪಾಲು ತಾನೇ ಕಾಣುತ್ತದೆ. ಒಂದು ಮಾತಿನ ವ್ಯತ್ಯಾಸ ಇಷ್ಟೊಂದು ಇರುತ್ತಾ ಅಂತ ಕೇಳುವವರಿಗೆ ನಾನು ಹೇಳುವುದು, ಒಂದು ವಾರ ಮನೆಯಲ್ಲೇ ಮಾಡಿ ನೋಡಿ ಎಂದು.

ಇಲ್ಲಿ ನಾಚಿಕೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಡೊನಾಲ್ಡ್ ನೇಥನ್ಸನ್ ಎಂಬ ಮನೋವೈದ್ಯರು 1992ರಲ್ಲಿ, ನಾಚಿಕೆಯಾದಾಗ ಮನುಷ್ಯರು ಹಿಡಿಯುವ ನಾಲ್ಕು ದಿಕ್ಕುಗಳನ್ನು ಗುರುತಿಸಿದರು. ಅಡಗಿಕೊಳ್ಳುವುದು, ತನ್ನನ್ನೇ ಹಳಿದುಕೊಳ್ಳುವುದು, ಏನೂ ಆಗಿಲ್ಲ ಎಂಬಂತೆ ಇರುವುದು, ಎದುರಿನವರ ಮೇಲೆ ಎಗರುವುದು. ತರಬೇತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದಾಗ ಟೀಚರ್‌ಗಳ ಮುಖ ಬದಲಾಗುತ್ತದೆ. ಬೈದಾಗ ನಗುವ ಹುಡುಗ ನೆನಪಾಗುತ್ತಾನೆ. ಅವನು ಸೊಕ್ಕಿನಿಂದ ನಗುತ್ತಿದ್ದಾನೆ ಅಂದುಕೊಂಡು ನಾವು ಇನ್ನೂ ಜೋರಾಗಿ ಬೈದಿರುತ್ತೇವೆ. ಅವನಿಗೆ ತಡೆಯಲಾರದಷ್ಟು ನಾಚಿಕೆಯಾಗಿತ್ತು ಅಂತ ಆಗ ಹೊಳೆದಿರಲಿಲ್ಲ. ಎಷ್ಟೋ ವರ್ಷದ ಹಿಂದಿನ ಒಂದು ಮಗುವಿನ ಹೆಸರು ಹೇಳಿ ಅತ್ತ ಹಿರಿಯ ಟೀಚರ್ ಒಬ್ಬರನ್ನು ನಾನು ನೋಡಿದ್ದೇನೆ.

ಇನ್ನು ನನ್ನ ಮೊದಲ ತರಬೇತಿಯ ವಿಷಯಕ್ಕೆ ಬರುತ್ತೇನೆ. ಅದರಿಂದ ಕಲಿತದ್ದನ್ನು ಹೇಳಲೆಂದೇ ಈ ಬರಹ ಶುರು ಮಾಡಿದ್ದು.

ಒಂದೇ ದಿನದ ತರಬೇತಿ. ಬೆಳಗ್ಗೆಯಿಂದ ಸಂಜೆವರೆಗೆ ಸ್ಲೈಡ್ ತೋರಿಸಿದೆ. ಪ್ರಶ್ನೆಗಳನ್ನು ಕಾರ್ಡಿನ ಮೇಲೆ ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಎಲ್ಲರ ಕೊರಳಪಟ್ಟಿಗೂ ಒಂದೊಂದು ಹಾಕಿದೆ. ಚಪ್ಪಾಳೆ ಸಿಕ್ಕಿತು. ಮೂರು ತಿಂಗಳ ಮೇಲೆ ಅದೇ ಶಾಲೆಗೆ ಹೋದೆ. ಕಾರಿಡಾರಿನಲ್ಲಿ ಒಬ್ಬ ಹುಡುಗನನ್ನು ಗೋಡೆಗೆ ಒತ್ತಿ ನಿಲ್ಲಿಸಿ ಟೀಚರ್ ಒಬ್ಬರು ಕಾರ್ಡ್ ಹಿಡಿದು ಕೂಗುತ್ತಿದ್ದರು: “ಯಾರಿಗೆ ನೋವಾಯ್ತು? ಹೇಳು! ಯಾರಿಗೆ ನೋವಾಯ್ತು?” ಪ್ರಶ್ನೆ ನಾನು ಕೊಟ್ಟದ್ದೇ. ಒಂದಕ್ಷರ ಬದಲಾಗಿರಲಿಲ್ಲ. ಆ ಹುಡುಗನ ಪಾಲಿಗೆ ಅದು ಬೆತ್ತವಾಗಿತ್ತು.

ಆ ಟೀಚರ್ ಕೆಟ್ಟವರಲ್ಲ. ಅವರಿಗೆ ಅರವತ್ತು ಮಕ್ಕಳ ತರಗತಿ, ಮುಗಿಯದ ಪಾಠ, ಮೇಲಿಂದ ಒತ್ತಡ. ಯಾರೂ ಅವರನ್ನು ಕೂರಿಸಿ “ಏನಾಯ್ತು?” ಅಂತ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವಾಗ ಒಳಗೆ ಏನಾಗುತ್ತದೆ ಎಂಬುದು ಗೊತ್ತಿಲ್ಲದವರು ಅದನ್ನು ಬೇರೆಯವರಿಗೆ ಕೇಳುವುದಾದರೂ ಹೇಗೆ? ನಾನು ಅವರಿಗೆ ಪದಗಳನ್ನು ಮಾತ್ರ ಕೊಟ್ಟು ಬಂದಿದ್ದೆ.

ಅವತ್ತಿನಿಂದ ನನ್ನ ತರಬೇತಿ ಮಕ್ಕಳಿಂದ ಶುರುವಾಗುವುದಿಲ್ಲ. ದೊಡ್ಡವರಿಂದ ಶುರುವಾಗುತ್ತದೆ.

ಮೊದಲ ದಿನ ಸ್ಲೈಡ್ ಇಲ್ಲ. ಮೇಜು ಬದಿಗೆ ಸರಿಸಿ ಕುರ್ಚಿಗಳನ್ನು ವೃತ್ತವಾಗಿ ಇಡುತ್ತೇವೆ. ಒಂದು ಸಣ್ಣ ಕಲ್ಲು ಕೈಯಿಂದ ಕೈಗೆ ಹೋಗುತ್ತದೆ. ಕಲ್ಲು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು. ಬೇಡ ಅನ್ನಿಸಿದರೆ ಮಾತಾಡದೆ ಮುಂದೆ ಕೊಡಬಹುದು. ಟೀಚರ್‌ಗಳಿಗೆ ಇದು ಎಷ್ಟು ಕಷ್ಟ ಅಂತ ನೋಡಿದವರಿಗೇ ಗೊತ್ತು. ದಿನವಿಡೀ ಮಾತಾಡುವುದೇ ನಮ್ಮ ಕೆಲಸ. ಇನ್ನೊಬ್ಬರ ಮಾತು ಮುಗಿಯುವವರೆಗೆ ಬಾಯಿ ಮುಚ್ಚಿ ಕೂರುವುದು ನಮಗೆ ಬರುವುದಿಲ್ಲ. ಮೊದಲ ಸುತ್ತಿನಲ್ಲಿ ಹಗುರವಾದ ಪ್ರಶ್ನೆ ಇಡುತ್ತೇನೆ. ಮೂರನೇ ಸುತ್ತಿಗೆ ಬರುವಾಗ ಕೇಳುತ್ತೇನೆ: ನೀವು ಮಗುವಾಗಿದ್ದಾಗ ಶಾಲೆಯಲ್ಲಿ ಸಿಕ್ಕ ಯಾವ ಶಿಕ್ಷೆ ಇನ್ನೂ ನೆನಪಿದೆ? ಯಾವ ತಪ್ಪಿಗೆ ಅಂತ ಬಹಳ ಜನ ಮರೆತಿರುತ್ತಾರೆ. ಯಾರೆಲ್ಲ ನೋಡುತ್ತಿದ್ದರು ಎಂಬುದನ್ನು ಮರೆತವರು ಕಡಿಮೆ.

ಆಮೇಲೆ ಇಬ್ಬಿಬ್ಬರಾಗಿ ಕೂತು, ತಮ್ಮದೇ ಒಂದು ಸಣ್ಣ ಜಗಳ ಹಿಡಿದು ಆ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮನೆಯ ಜಗಳವೂ ಆಗಬಹುದು. ನಂತರ ಪಾತ್ರ ಹಾಕುವುದು. ಟೀಚರ್ ಮಗುವಿನ ಪಾತ್ರ ಹಾಕಲೇಬೇಕು, ಇದನ್ನು ನಾನು ಬಿಡುವುದಿಲ್ಲ. ಗಣಿತ ಹೇಳಿಕೊಡುವ ಒಬ್ಬ ಸರ್ ಹುಡುಗನ ಪಾತ್ರದಲ್ಲಿ ನಿಂತಿದ್ದರು. ಸುಳ್ಳು ಕತೆ, ಎದುರಿಗಿದ್ದವರು ಅವರದೇ ಸ್ನೇಹಿತರು. ಆದರೂ ಆಮೇಲೆ ಹೇಳಿದರು: “ಎರಡು ಜನ ದೊಡ್ಡವರು ಎದುರಿಗೆ ನಿಂತಾಗ ನನಗೆ ನಿಜವಾಗಲೂ ಮಾತೇ ಬರಲಿಲ್ಲ ಮೇಡಂ. ನಾನು ದಿನಾ ನಿಂತುಕೊಂಡೇ ಕೇಳ್ತೀನಿ.” ಮರುದಿನದಿಂದ ಅವರು ಕೂತು ಕೇಳತೊಡಗಿದರು.

ಇನ್ನೊಂದು ಶಾಲೆಯ ವಿಷಯ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅಲ್ಲಿ ಇಬ್ಬರು ಟೀಚರ್‌ಗಳು ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಒಬ್ಬರು ರಜೆಯಲ್ಲಿದ್ದಾಗ ಇನ್ನೊಬ್ಬರು ಅವರನ್ನು ಕೇಳದೆ ಟೈಮ್ ಟೇಬಲ್ ಬದಲಿಸಿದ್ದರು. ಶುರುವಾದದ್ದು ಅಷ್ಟರಿಂದಲೇ. ಅವರ ನಡುವೆ ಏನಾದರೂ ತಿಳಿಸಬೇಕಾದರೆ ಚೀಟಿ ಬರೆದು ಮಕ್ಕಳ ಕೈಯಲ್ಲಿ ಕಳಿಸುತ್ತಿದ್ದರು. ಆ ಮಕ್ಕಳಿಗೇ ಇದೇ ಟೀಚರ್‌ಗಳು “ಮಾತಾಡಿ ಸರಿಮಾಡಿಕೊಳ್ಳಿ” ಅಂತ ಹೇಳುತ್ತಿದ್ದರು. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಚೀಟಿಗಳನ್ನು ಜಾಸ್ತಿ ಓದುತ್ತಾರೆ, ಅಲ್ವಾ?

ಎರಡನೇ ಸೆಷನ್ ಮುಗಿದ ಮೇಲೆ ಅವರಲ್ಲೊಬ್ಬರು ನನ್ನ ಹತ್ತಿರ ಬಂದು, “ಇದನ್ನು ನಮ್ಮಿಬ್ಬರಿಗೆ ಮಾಡಿಸ್ತೀರಾ?” ಅಂತ ಕೇಳಿದರು. ಎಲ್ಲರ ಮುಂದೆ ಮಾಡಿಸಲಿಲ್ಲ. ಮೊದಲು ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿ ಒಂದೊಂದು ಗಂಟೆ ಕೂತೆ. ಅವರವರಿಗೆ ಏನು ಬೇಕು, ಏನು ಹೇಳಲು ತಯಾರಿದ್ದಾರೆ, ಯಾವ ಮಾತು ಕೇಳಿದರೆ ಎದ್ದು ಹೋಗುತ್ತಾರೆ, ಎಲ್ಲ ತಿಳಿದುಕೊಂಡೆ. ಅರ್ಧಕ್ಕಿಂತ ಹೆಚ್ಚು ಕೆಲಸ ಆಗುವುದು ಈ ತಯಾರಿಯಲ್ಲೇ. ಒಂದು ವಾರದ ಮೇಲೆ ಇಬ್ಬರೂ ನಂಬುವ ಒಬ್ಬ ಹಿರಿಯರನ್ನು ಜೊತೆಗೆ ಕೂರಿಸಿಕೊಂಡು ಖಾಲಿ ಕ್ಲಾಸ್ ರೂಮಿನಲ್ಲಿ ಸೇರಿದೆವು.

“ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು?” ಎಂದು ಕೇಳಿದಾಗ ಮೊದಲನೆಯವರು ಟೈಮ್ ಟೇಬಲ್ಲಿನ ಮಾತೇ ಎತ್ತಲಿಲ್ಲ. “ಅವತ್ತು ನನ್ನ ತಾಯಿ ಆಸ್ಪತ್ರೆಯಲ್ಲಿದ್ದರು. ನಾನು ವಾಪಸ್ ಬಂದಾಗ ಯಾರೂ ಅವರ ಬಗ್ಗೆ ಕೇಳಲಿಲ್ಲ. ಬೋರ್ಡಿನ ಮೇಲೆ ಹೊಸ ಟೈಮ್ ಟೇಬಲ್ ಮಾತ್ರ ಇತ್ತು” ಅಂದರು. ಇನ್ನೊಬ್ಬರಿಗೆ ಅದು ಗೊತ್ತೇ ಇರಲಿಲ್ಲ. ರಜೆ ಅಂದರೆ ರಜೆ ಅಂದುಕೊಂಡಿದ್ದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಅವರು ಆಮೇಲೆ ಆಪ್ತ ಗೆಳತಿಯರೇನೂ ಆಗಲಿಲ್ಲ. ಆದರೆ ಚೀಟಿ ನಿಂತಿತು. ಮಕ್ಕಳು ಅದನ್ನು ಮೊದಲು ಗಮನಿಸಿದರು ಅಂತ ಆಮೇಲೆ ಕೇಳಿದೆ.

ಸಿಬ್ಬಂದಿ ಅಂದರೆ ಟೀಚರ್ ಮಾತ್ರ ಅಂದುಕೊಂಡದ್ದು ನನ್ನ ಮೊದಲ ತರಬೇತಿಯ ಇನ್ನೊಂದು ತಪ್ಪು. ಮಕ್ಕಳ ಜಗಳ ಎಲ್ಲಿ ಆಗುತ್ತದೆ? ಬಸ್ಸಿನಲ್ಲಿ, ಮೆಟ್ಟಿಲ ಮೇಲೆ, ಟಾಯ್ಲೆಟ್ ಮುಂದೆ, ಆಟದ ಬಯಲಿನಲ್ಲಿ. ಅಲ್ಲಿ ಇರುವವರು ಡ್ರೈವರ್, ಆಯಾ, ಗೇಟಿನ ಹತ್ತಿರ ನಿಲ್ಲುವವರು. ಜಗಳವನ್ನು ಮೊದಲು ನೋಡುವವರು ಅವರು, ತರಬೇತಿಗೆ ಮಾತ್ರ ಕರೆಯುವುದಿಲ್ಲ. ಈಗ ಅವರಿಲ್ಲದೆ ನಾನು ಶುರು ಮಾಡುವುದಿಲ್ಲ. ಅವರ ಸಮಯಕ್ಕೆ ಸಂಬಳ ಕೊಡಬೇಕು, ಕೆಲಸ ಮುಗಿದ ಮೇಲೆ ಉಳಿಸಿಕೊಳ್ಳಬಾರದು ಎಂದು ಮೊದಲೇ ಮಾತಾಡಿಕೊಳ್ಳುತ್ತೇನೆ.

ತರಬೇತಿ ಕೊಟ್ಟು ಹೋದರೆ ಏನೂ ಉಳಿಯುವುದಿಲ್ಲ. ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ಸಂಶೋಧಕರು ಶಿಕ್ಷಕರ ತರಬೇತಿಯ ಬಗ್ಗೆ 1980ರ ದಶಕದಿಂದಲೇ ಹೇಳಿಕೊಂಡು ಬಂದದ್ದು ಇದನ್ನೇ. ಭಾಷಣ ಕೇಳಿ, ಮಾದರಿ ನೋಡಿ, ಅಭ್ಯಾಸ ಮಾಡಿದರೂ ಅದು ತರಗತಿಗೆ ಇಳಿಯಬೇಕಾದರೆ ಜೊತೆಯಲ್ಲಿ ಯಾರಾದರೂ ನಿಂತು ನೋಡಿ ಹೇಳುತ್ತಿರಬೇಕು. ಹಾಗಾಗಿ ನಾನು ವರ್ಷದುದ್ದಕ್ಕೂ ಹೋಗಿ ಬರುತ್ತೇನೆ. ಅದಕ್ಕೆ ಒಪ್ಪದ ಶಾಲೆಗೆ ಬೇಡ ಅಂತ ಹೇಳುವುದನ್ನೂ ಕಲಿತಿದ್ದೇನೆ.

“ಹಾಗಾದರೆ ಶಿಕ್ಷೆಯೇ ಇಲ್ವಾ?” ಪ್ರತಿ ಶಾಲೆಯಲ್ಲೂ ಈ ಪ್ರಶ್ನೆ ಬರುತ್ತದೆ. ಬರಬೇಕು ಕೂಡ. ಈ ಕೆಲಸದಲ್ಲಿ ಇರುವವರು ಬಳಸುವ ನಾಲ್ಕು ಚೌಕದ ಒಂದು ಚಿತ್ರ ಇದೆ, ಟೆಡ್ ವಾಕ್ಟೆಲ್ ಮತ್ತು ಪಾಲ್ ಮೆಕೋಲ್ಡ್ ಮಾಡಿದ್ದು. ಒಂದು ಕಡೆ ಕಟ್ಟುನಿಟ್ಟು, ಇನ್ನೊಂದು ಕಡೆ ಆಸರೆ. ಬರೀ ಕಟ್ಟುನಿಟ್ಟು ಇದ್ದರೆ ಮಗುವಿನ ಮೇಲೆ ಹೇರುತ್ತೇವೆ. ಬರೀ ಆಸರೆ ಇದ್ದರೆ ಮಗುವಿನ ಬದಲಿಗೆ ನಾವೇ ಮಾಡುತ್ತೇವೆ. ಎರಡೂ ಇಲ್ಲದಿದ್ದರೆ ಕೈಬಿಟ್ಟಂತೆ. ಎರಡೂ ಇದ್ದಾಗ ಮಗುವಿನ ಜೊತೆ ಮಾಡುತ್ತೇವೆ. ಗೆಳತಿಯ ಮುಖ ನೋಡಿ “ನಾನು ನಿನ್ನ ಗುಟ್ಟು ಹೇಳಿಬಿಟ್ಟೆ” ಅನ್ನುವುದು, ತರಗತಿಯ ಹೊರಗೆ ಒಂದು ಗಂಟೆ ನಿಲ್ಲುವುದಕ್ಕಿಂತ ಸುಲಭ ಅಂತ ಯಾವ ಮಗುವೂ ನನಗೆ ಇವತ್ತಿನವರೆಗೆ ಹೇಳಿಲ್ಲ.

ಆದರೆ ಎಲ್ಲ ಜಗಳಕ್ಕೂ ಇದೇ ಮದ್ದು ಅಂದರೆ ನಾನು ಒಪ್ಪುವುದಿಲ್ಲ. ತಿಂಗಳುಗಟ್ಟಲೆ ಒಬ್ಬನನ್ನು ಗುಂಪು ಕಟ್ಟಿಕೊಂಡು ಕಾಡಿದವರ ಎದುರಿಗೆ, ತಯಾರಿ ಇಲ್ಲದೆ, ಆ ಮಗುವನ್ನು ಕೂರಿಸುವುದು ಇನ್ನೊಂದು ಸಲ ಕಾಡಿದ ಹಾಗೆಯೇ. ಲೈಂಗಿಕ ಕಿರುಕುಳದ ವಿಷಯ ಬಂದರೆ ಮೊದಲು ಕಾನೂನು, ಮಗುವಿನ ರಕ್ಷಣೆ. ಯಾವುದೇ ಮಗು “ನನಗೆ ಅವನ ಜೊತೆ ಕೂರುವುದು ಬೇಡ” ಅಂದರೆ ಅಲ್ಲಿಗೆ ಮುಗಿಯಿತು. “ಕ್ಷಮಿಸು, ದೊಡ್ಡ ಮನಸ್ಸು ಮಾಡು” ಅಂತ ಮಗುವಿನ ಮೇಲೆ ಒತ್ತಡ ಹಾಕುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಸಂಶೋಧನೆ ಏನು ಹೇಳುತ್ತದೆ ಅಂತಲೂ ಮುಚ್ಚಿಡದೆ ಹೇಳುತ್ತೇನೆ. ಅಮೆರಿಕದ ಪಿಟ್ಸ್‌ಬರ್ಗ್‌ನ 44 ಶಾಲೆಗಳಲ್ಲಿ, 2015ರಿಂದ ಎರಡು ಶೈಕ್ಷಣಿಕ ವರ್ಷ, ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಈ ದಾರಿಯ ಬಗ್ಗೆ ಅಧ್ಯಯನ ಮಾಡಿತು. ಸಸ್ಪೆಂಡ್ ಆಗಿ ಮಕ್ಕಳು ಕಳೆದುಕೊಳ್ಳುವ ದಿನಗಳು ಕಡಿಮೆಯಾದವು. ಶಾಲೆಯ ವಾತಾವರಣ ಚೆನ್ನಾಗಿದೆ ಅಂತ ಟೀಚರ್‌ಗಳು ಹೇಳಿದರು. ಆದರೆ ಮಕ್ಕಳು ಹಾಗೆ ಹೇಳಲಿಲ್ಲ. 6ರಿಂದ 8ನೇ ತರಗತಿಯವರ ಓದು ಹಿಂದೆ ಬಿತ್ತು. ಇಂಗ್ಲೆಂಡಿನಲ್ಲಿ 40 ಪ್ರೌಢಶಾಲೆಗಳಲ್ಲಿ ಮೂರು ವರ್ಷ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಸಿಬ್ಬಂದಿಗೆ ತರಬೇತಿ ಕೊಟ್ಟರು, ಜೊತೆಗೆ ಮಕ್ಕಳೂ ಟೀಚರ್‌ಗಳೂ ಸೇರಿದ ಗುಂಪೊಂದು ಶಾಲೆಯ ನಿಯಮಗಳನ್ನೇ ಕೂತು ನೋಡಿತು. ಅಲ್ಲಿ ಪೀಡನೆಗೆ ಸಿಕ್ಕುವುದು ಸ್ವಲ್ಪ ಕಡಿಮೆಯಾಯಿತು. ಮಕ್ಕಳ ನೆಮ್ಮದಿ ಹೆಚ್ಚಿತು. ಹೊಡೆದಾಟ ಬಡಿದಾಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಪಿಟ್ಸ್‌ಬರ್ಗ್‌ನ ಫಲಿತಾಂಶ ಓದಿದ ದಿನ ನಾನು ನಿದ್ದೆ ಮಾಡಲಿಲ್ಲ. ಅದಕ್ಕೆ ಕಾರಣಗಳು ಹಲವಿರಬಹುದು. ನನ್ನ ಮನಸ್ಸು ಹಿಡಿದುಕೊಂಡದ್ದು ಒಂದನ್ನೇ: ದೊಡ್ಡವರಿಗೆ ಬದಲಾವಣೆ ಕಂಡಿತು, ಮಕ್ಕಳಿಗೆ ಕಾಣಲಿಲ್ಲ. ಅವತ್ತಿನಿಂದ ಶಾಲೆಗೆ ಮತ್ತೆ ಹೋದಾಗ ಮೊದಲು ಸ್ಟಾಫನ್ನು ಕೇಳುವುದಿಲ್ಲ. ಮಕ್ಕಳನ್ನು ಕೇಳುತ್ತೇನೆ. “ಕಳೆದ ತಿಂಗಳು ಯಾರಾದರೂ ನಿನ್ನ ಮಾತು ಪೂರ್ತಿ ಕೇಳಿದರಾ?” ಅಂತ.

ಕಳೆದ ವಾರ ಒಂದು ವೃತ್ತದಲ್ಲಿ ಕೂತಿದ್ದೆ. ಕಲ್ಲು ಆ ಶಾಲೆಯ ಆಯಾ ಅವರ ಕೈಗೆ ಬಂತು. ಬಸ್ಸಿನಲ್ಲಿ ಒಂದು ಮಗುವಿಗೆ ಆಗುತ್ತಿದ್ದ ತೊಂದರೆಯ ಬಗ್ಗೆ ಅವರು ಹೇಳತೊಡಗಿದರು. ಮಾತು ಉದ್ದವಾಗುತ್ತಿತ್ತು, ಗಡಿಯಾರ ಓಡುತ್ತಿತ್ತು. “ಸರಿ ಅಮ್ಮ, ಗೊತ್ತಾಯ್ತು” ಅಂದುಬಿಟ್ಟೆ. ಅವರು ಕಲ್ಲನ್ನು ಮುಂದೆ ಕೊಟ್ಟರು. ವಿರಾಮದಲ್ಲಿ ನನ್ನ ಹತ್ತಿರ ಬಂದು ನಿಂತರು.

“ಮೇಡಂ, ಒಂದು ಕೇಳಲಾ? ನಾನು ಮಾತಾಡ್ತಿದ್ದಾಗ ನಿಮ್ಮ ಮನಸ್ಸಲ್ಲಿ ಏನಿತ್ತು?”

ಉತ್ತರ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಟೈಮ್ ಆಗುತ್ತಿದೆ ಎಂಬ ಚಿಂತೆ ಇತ್ತು ಅಂದೆ. ಟೀಚರ್ ಯಾರಾದರೂ ಮಾತಾಡುತ್ತಿದ್ದರೆ ನಿಲ್ಲಿಸುತ್ತಿರಲಿಲ್ಲವೇನೋ ಅಂತಲೂ ಹೇಳಿದೆ. ಅವರು ತಲೆ ಆಡಿಸಿದರು. “ಈಗ ಏನು ಮಾಡಿದರೆ ಸರಿಹೋಗುತ್ತೆ ಅಮ್ಮ?” ಎಂದು ಕೇಳಿದೆ.

“ನನ್ನ ಮಾತು ಮುಗಿದಿಲ್ಲ. ಎಲ್ಲರೂ ವಾಪಸ್ ಬಂದ ಮೇಲೆ ಮುಗಿಸ್ತೀನಿ” ಅಂದರು.

ವಿರಾಮ ಮುಗಿದ ಮೇಲೆ ಕಲ್ಲನ್ನು ಅವರ ಕೈಗೆ ಕೊಟ್ಟೆ. ಅವರು ಕಿಟಕಿ ಪಕ್ಕದ ಮೂರನೇ ಸೀಟಿನಲ್ಲಿ ಕೂರುವ ಆ ಮಗುವಿನ ವಿಷಯ ಮೊದಲಿಂದ ಹೇಳಿದರು. ಬಸ್ ಡ್ರೈವರ್ ಕೇಳಿಸಿಕೊಂಡರು, ಆ ಮಗುವಿನ ಕ್ಲಾಸ್ ಟೀಚರ್ ನೋಟ್‌ಬುಕ್ ತೆಗೆದು ಬರೆದುಕೊಂಡರು. ಹನ್ನೊಂದು ನಿಮಿಷ ಹಿಡಿಯಿತು.